ಕಾಪು–ಕಾರ್ಕಳ, ಐದು ನಿಮಿಷ ಮುಂಚೆ

ಅಕ್ಟೋಬರ್ ೧೪, ೧೯೮೨. ಗುರುವಾರ

ಇವತ್ತೂ ಫೋನು ಸತ್ತೇ ಇದೆ. ಹೋಗಿ ಕೇಳಿದರೆ ಲೈನ್‌ಮ್ಯಾನ್ ರಜೆಯಂತೆ. ಇಡೀ ಸರಕಾರವೇ ರಜೆಯಲ್ಲಿದೆ!

ನಿನ್ನೆ ಹಿರಿಯಡ್ಕದಲ್ಲಿ ಸಭೆ. ಚೆನ್ನಾಗಿ ಮಾತಾಡಿದೆ. ಪೊಲೀಸು, ನ್ಯಾಯ, ಗಡಿ, ರಸ್ತೆ, ಕುಡಿಯುವ ನೀರು – ಸರಕಾರದ ಕೆಲಸ ಇಷ್ಟೇ. ಉಳಿದದ್ದರಲ್ಲಿ ಮೂಗು ತೂರಿಸಬಾರದು. ಅಕ್ಕಿ ಸಾಗಿಸಲು ಪರ್ಮಿಟ್, ಸಿಮೆಂಟಿಗೆ ಪರ್ಮಿಟ್... ದುಡಿಯುವವನ ಕೈ ಕಟ್ಟಿಹಾಕಿ, ಆಮೇಲೆ ದೇಶ ಬಡವಾಯಿತೆಂದು ಅಳುವುದು. ಆ ಕಟ್ಟು ಬಿಚ್ಚಿ, ದೇಶ ತಾನಾಗಿ ಎದ್ದು ನಿಲ್ಲುತ್ತದೆ. ಗಲ್ಫಿಗೆ ಹೋದ ಹುಡುಗರು ಕರೆಯದೆಯೇ ಮರಳುತ್ತಾರೆ. ಚಪ್ಪಾಳೆಯೋ ಚಪ್ಪಾಳೆ.

ಮುಗಿದದ್ದೇ ತಡ, ಅದೇ ಜನ ಅರ್ಜಿ ಹಿಡಿದು ಸುತ್ತುವರಿದರು. ಒಬ್ಬನಿಗೆ ಸೊಸೈಟಿ ಸಾಲ ಮನ್ನಾ ಆಗಬೇಕು. ಇನ್ನೊಬ್ಬನ ಮಗನಿಗೆ ಸರಕಾರಿ ಕೆಲಸ ಬೇಕು. ಇಷ್ಟು ಹೊತ್ತು ಗೋಡೆಗೆ ಭಾಷಣ ಮಾಡಿದೆನೇ? ಬೈದು ಬಂದೆ.

ಮನೆಯಲ್ಲಿ ಹೆಂಡತಿಯ ತಮಾಷೆ ಬೇರೆ. "ಬೈದರೆ ಓಟು ಬೀಳ್ತದಾ?" ವನಜಾಕ್ಷಿಗೆ ನನ್ನ ರಾಜಕೀಯ ಯಾವಾಗಲೂ ಯಕ್ಷಗಾನದ ಹಾಸ್ಯಗಾರನ ಪಾತ್ರವೇ.

ಅಕ್ಟೋಬರ್ ೧೭, ಭಾನುವಾರ

ಇವತ್ತು ಮಾತ್ರ ಖುಷಿ. ಕಾಪುವಿನ ಅಬ್ದುಲ್ ವಹಾಬ್ ಬಂದಿದ್ದ. ಹಾಜಬ್ಬರ ಅಳಿಯ. ದುಬೈಯಲ್ಲಿದ್ದವನು. ಕೈಯಲ್ಲಿ ಖರ್ಜೂರದ ಪೊಟ್ಟಣ, ಹೆಗಲಲ್ಲಿ ಟೇಪ್ ರೆಕಾರ್ಡರ್.

ಇವರ ಮನೆಗಳಲ್ಲಿ ಕಾಗದ ಬರೆಯುವುದಿಲ್ಲ. ಕ್ಯಾಸೆಟ್‌ನಲ್ಲಿ ಮಾತಾಡಿ, ಹೋಗುವವರ ಕೈಯಲ್ಲಿ ಕೊಟ್ಟು ಕಳಿಸುತ್ತಾರೆ. ಇವನ ಹೆಂಡತಿ ಶರೀಫಾ ಹಾಗೆ ಕಳಿಸಿದ ಒಂದರಲ್ಲಿ ಮನೆಯ ಸುದ್ದಿ ಮುಗಿದು ಟೇಪು ಉಳಿದಿತ್ತಂತೆ. ಕಾಪು ಪೇಟೆಯಲ್ಲಿ ನನ್ನ ಭಾಷಣ ನಡೆಯುತ್ತಿತ್ತು. ಹಾಜಬ್ಬರು ಅದನ್ನೇ ತುಂಬಿಸಿದರಂತೆ.

"ರೂಮಿನಲ್ಲಿ ಎಂಟು ಜನ ಕೂತು ಕೇಳಿದ್ದೇವೆ ರಾಯರೇ. 'ಇಲ್ಲಿಗೆ ಬನ್ನಿ, ನಿಮ್ಮ ದುಡಿಮೆ ಇಲ್ಲಿ ಹಾಕಿ, ದೇಶ ಎದ್ದು ನಿಲ್ತದೆ' ಅಂದ್ರಿ ಅಲ್ವಾ? ನಾನು ಬಂದೆ. ಅಲ್ಲಿಯ ಅಂಗಡಿಯ ಪಾಲು ಬಿಟ್ಟು ಬಂದೆ. ಒಂದು ಬಸ್ಸು ಹಾಕ್ತೇನೆ."

ಕಣ್ಣು ಮಂಜಾಯಿತು ನನಗೆ. ಇಪ್ಪತ್ತು ವರ್ಷ ಕೂಗಿದ್ದಕ್ಕೆ ಒಬ್ಬನಾದರೂ ಕೇಳಿಸಿಕೊಂಡ! ಬೆನ್ನು ತಟ್ಟಿದೆ. ಯಾವ ಲೈನಿನಲ್ಲಿ ಓಡಿಸುತ್ತಾನೆಂದು ಕೇಳಲೇ ಇಲ್ಲ.

ನವೆಂಬರ್ ೨

ವಿಠಲ – ವನಜಾಕ್ಷಿಯ ತಮ್ಮ – ಓಡಿ ಬಂದ. ವಹಾಬನ ಬಸ್ ಪರ್ಮಿಟ್ ಅರ್ಜಿ ಬಿದ್ದಿದೆ. ಕಾಪುವಿನಿಂದ ಉಡುಪಿ, ಮಣಿಪಾಲ, ಹಿರಿಯಡ್ಕ ದಾಟಿ ಕಾರ್ಕಳ. ನಮ್ಮದೇ ಲೈನು! ಅದೂ ಬೆಳಗಿನ ನಮ್ಮ ಟ್ರಿಪ್ಪಿಗಿಂತ ಐದು ನಿಮಿಷ ಮುಂಚೆ! ಕಾಲೇಜಿನವರು, ಆಫೀಸಿನವರು, ಆಸ್ಪತ್ರೆಯವರು, ಎಲ್ಲರನ್ನೂ ಇವನು ಗುಡಿಸಿಕೊಂಡು ಹೋಗುತ್ತಾನೆ. ನಮ್ಮ ಬಸ್ಸು ಖಾಲಿ ಸೀಟು ಹೊತ್ತುಕೊಂಡು ಹಿಂದಿನಿಂದ ಹೋಗಬೇಕು.

ಬಸ್ಸು ವಿಠಲನ ಹೆಸರಿನಲ್ಲಿದೆ. ಹಾಕಿದವನು ನಾನು. ರಾಜಕೀಯದವನಿಗೆ ಬಸ್ಸು ಇದ್ದರೆ ಜನ ಆಡಿಕೊಳ್ಳುತ್ತಾರೆ, ಅದಕ್ಕೇ ಹಾಗೆ. ತಪ್ಪೇನು?

ಆಕ್ಷೇಪಣೆ ನಾನೇ ಬರೆದುಕೊಟ್ಟೆ. "ಈಗಿರುವ ಬಸ್ಸುಗಳೇ ಸಾಕಷ್ಟಿವೆ. ಅನಾರೋಗ್ಯಕರ ಪೈಪೋಟಿಯಿಂದ ಸಾರ್ವಜನಿಕರಿಗೆ ಹಾನಿ. ಸರಕಾರ ಕೈಕಟ್ಟಿ ಕೂರಬಾರದು." ವಿಠಲ ಸಹಿ ಹಾಕಿದ.

ಸ್ವಾತಂತ್ರ್ಯ ಬೇರೆ, ಅರಾಜಕತೆ ಬೇರೆ. ಟೈಮಿಂಗಿಗೊಂದು ಮರ್ಯಾದೆ ಇಲ್ಲವೇ? ಬೇರೆ ಲೈನು ಸಿಗಲಿಲ್ಲವೇ ಆ ಮೂರ್ಖನಿಗೆ?

ನವೆಂಬರ್ ೯

ವಹಾಬ್ ಮತ್ತೆ ಬಂದ. ಮುಖದಲ್ಲಿ ಬೇಸರವೇ ಇಲ್ಲ. ಅದು ಇನ್ನೂ ಉರಿಸಿತು.

"ನಿಮ್ಮ ಭಾವಮೈದನವರು ಅಡ್ಡ ಹಾಕಿದ್ದಾರೆ. ಪಾಪ, ಅವರಿಗೆ ಗೊತ್ತಿಲ್ಲ ಅಂತ ಕಾಣ್ತದೆ. ನೀವು ಕಾಪುವಿನಲ್ಲಿ ಹೇಳಿದ್ದನ್ನೇ ಅವರಿಗೆ ಒಮ್ಮೆ ಹೇಳಿ ರಾಯರೇ, ಸಾಕು. ಬಸ್ಸು ಮನೆ ಮುಂದೆ ಬಂದು ನಿಂತಾಗಿದೆ."

ನೋಡುವ, ಎಂದೆ. ಚಹಾ ತಂದ ವನಜಾಕ್ಷಿ ನನ್ನನ್ನೇ ನೋಡುತ್ತಿದ್ದಳು. ಅವನು ಗೇಟು ದಾಟಿದ ಮೇಲೆ –

"ಸರಕಾರ ಕೈ ತೆಗೀಬೇಕು ಅಂತೀರಿ. ಅದು ತೆಗೀಲಿಕ್ಕೆ ಹೊರಟರೆ ನೀವೇ ಹಿಡ್ಕೊಂಡು ಬಿಡುವುದಿಲ್ಲ. ಎಂತ ಇದು?"

"ನಿನಗೆ ಅರ್ಥ ಆಗುವುದಿಲ್ಲ."

"ಅರ್ಥ ಆದದ್ದಕ್ಕೇ ಕೇಳಿದ್ದು."

ಲೋಟ ಎತ್ತಿ ಅಂಗಳಕ್ಕೆ ಎಸೆದೆ. ಚಹಾ ಇತ್ತು ಅದರಲ್ಲಿ.

ಡಿಸೆಂಬರ್ ೩

ಮಂಗಳೂರು. ಪರ್ಮಿಟ್ ಮೀಟಿಂಗ್. ಹೋಗಬಾರದಿತ್ತು. ವಿಠಲನನ್ನು ಒಬ್ಬನೇ ಕಳಿಸಲು ಧೈರ್ಯ ಬರಲಿಲ್ಲ, ಹಿಂದಿನ ಬೆಂಚಿನಲ್ಲಿ ಕೂತೆ. ವಹಾಬ್ ನೋಡಿದ. ಅವನ ಪರವಾಗಿ ಬಂದಿದ್ದೇನೆ ಅಂದುಕೊಂಡ! ಎದೆಗೆ ಕೈಯಿಟ್ಟು ತಲೆಬಾಗಿದ. ನಾನೂ ತಲೆಯಾಡಿಸಿದೆ. ಥೂ.

ಅಧಿಕಾರಿ ವಿಠಲನಿಗೆ ಕೇಳಿದರು, "ಅವರು ಐದು ನಿಮಿಷ ನಿಮ್ಮ ಹಿಂದೆ ಬರುವುದಾದರೆ ಒಪ್ಪಿಗೆಯಾ?" ಸುಲಭದ ಪ್ರಶ್ನೆ. ಆಗುವುದಿಲ್ಲ ಎಂದರೆ ಮುಗಿಯಿತು. ಆ ಕತ್ತೆ ಏನು ಮಾಡಿದ? ತಿರುಗಿ ನನ್ನ ಮುಖ ನೋಡಿ, ಎಲ್ಲರೆದುರು, "ಭಾವಾ, ಎಂತ ಹೇಳುವುದು?" ಎಂದ.

ಇಡೀ ಹಾಲ್ ತಿರುಗಿತು. ವಹಾಬನೂ ತಿರುಗಿದ.

ನಾನು ತಲೆಯನ್ನು ಅಡ್ಡಡ್ಡ ಆಡಿಸಿದೆ. ಒಪ್ಪಿಗೆ ಇಲ್ಲ ಎಂದ ವಿಠಲ. ಅರ್ಜಿ ತಿರಸ್ಕೃತ.

ಮೆಟ್ಟಿಲಲ್ಲಿ ವಹಾಬ್ ಎದುರಾದ. ಬಯ್ಯುತ್ತಾನೆಂದು ಕಾದೆ. ಬೈದಿದ್ದರೆ ನೂರು ಉತ್ತರ ಇತ್ತು ನನ್ನಲ್ಲಿ. ನಾನು ಇಳಿದು ಹೋಗಲೆಂದು ಪಕ್ಕಕ್ಕೆ ಸರಿದು ನಿಂತ. ಅಷ್ಟೇ. ಆ ಮರ್ಯಾದೆ ಯಾರು ಕೇಳಿದ್ದರು ಅವನಲ್ಲಿ?

ಡಿಸೆಂಬರ್ ೨೧

ಚುನಾವಣೆಯ ಟಿಕೆಟ್ ನನಗೇ. ಕಾಪು ಕ್ಷೇತ್ರ. ದಿನಕ್ಕೆ ಐದಾರು ಸಭೆ, ಗಂಟಲು ಹೋಗಿದೆ.

ಇವತ್ತು ಹಾಜಬ್ಬರ ಮನೆಯೆದುರು ಜೀಪು ಹಾದುಹೋಯಿತು. ವಹಾಬನ ಬಸ್ಸು ತೆಂಗಿನ ಗರಿಯ ಚಪ್ಪರದಡಿ ನಿಂತಿದೆ. ಹೊಸ ಬಣ್ಣ. ಹಣೆಯ ಮೇಲೆ ಹೆಸರು, ಅದರ ಕೆಳಗೆ 'ಕಾಪು–ಕಾರ್ಕಳ'. ಅವಸರಗೇಡಿ! ಪರ್ಮಿಟ್ ಸಿಗುವ ಮೊದಲೇ ಬರೆಸಿದ್ದಾನೆ. ನನ್ನ ಮಾತು ನಂಬಿ ಬರೆಸಿದ್ದಾನೆ. ಒಬ್ಬ ರಾಜಕೀಯದವನ ಮಾತನ್ನು ಯಾರಾದರೂ ಹೀಗೆ ಪೂರ್ತಿ ನಂಬುತ್ತಾರೆಯೇ?

ವೇಗವಾಗಿ ಓಡಿಸೆಂದು ಡ್ರೈವರನಿಗೆ ರೇಗಿದೆ.

ಡಿಸೆಂಬರ್ ೨೯, ಬೆಳಿಗ್ಗೆ

ಸಿಟ್ಟು ಇಳಿದಿಲ್ಲ. ಬರೆದರಾದರೂ ಇಳಿಯಲಿ.

ನಿನ್ನೆ ಸಂಜೆ ಕಾಪು ಪೇಟೆಯಲ್ಲಿ ದೊಡ್ಡ ಸಭೆ. ಮೈದಾನ ತುಂಬಿತ್ತು. ವನಜಾಕ್ಷಿಯೂ ಬಂದಿದ್ದಳು, ಹೆಂಗಸರ ಸಾಲಿನಲ್ಲಿ. ಮಾತಿಗೆ ಎದ್ದು ನಿಂತೆ. ವಹಾಬ್ ಮುಂದಿನ ಸಾಲಿನಿಂದ ಎದ್ದು ವೇದಿಕೆಗೆ ಬಂದ. ನಮ್ಮ ಹುಡುಗರು ತಡೆಯಲು ಹೋದರು. ಬಿಡಿ, ಎಂದೆ. ಅವನ ಕೈಯಲ್ಲಿ ಅದೇ ಟೇಪ್ ರೆಕಾರ್ಡರ್. ಮೇಜಿನ ಮೇಲೆ, ನನ್ನ ನೀರಿನ ಲೋಟದ ಪಕ್ಕ ಇಟ್ಟ.

"ಬರುವ ಹದಿನೈದಕ್ಕೆ ದುಬೈಗೆ ವಾಪಸ್ ಹೋಗ್ತೇನೆ ರಾಯರೇ. ಬಸ್ಸು ಮಾರಿ ಆಯ್ತು. ರೂಮಿನವರು ಕೇಳ್ತಾರೆ, ಯಾಕೆ ಮಾರಾಯ ವಾಪಸ್ ಬಂದೆ ಅಂತ. ನಾನು ಎಂತ ಹೇಳಲಿ? ನೀವೇ ಹೇಳಿ. ಅವರಿಗೆ ಕೇಳಿಸ್ತೇನೆ."

ಮೆಲ್ಲಗೇ ಹೇಳಿದ. ಆದರೆ ಮೈಕ್ ಹತ್ತಿರ ಇತ್ತು. ಮೈದಾನಕ್ಕೆಲ್ಲ ಕೇಳಿಸಿತು.

ರೆಕಾರ್ಡ್ ಮಾಡುವ ಗುಂಡಿ ಒತ್ತಿದ. ಕ್ಯಾಸೆಟ್ ತಿರುಗತೊಡಗಿತು. ಅವನು ಹೋಗಿ ತನ್ನ ಜಾಗದಲ್ಲಿ ಕೂತ.

ಇಪ್ಪತ್ತು ವರ್ಷದ ಭಾಷಣ, ನಿದ್ದೆಯಲ್ಲಿ ಎಬ್ಬಿಸಿದರೂ ಒಪ್ಪಿಸುತ್ತೇನೆ. ಮೈಕ್ ಹಿಡಿದೆ. ಬಂಧುಗಳೇ, ಎಂದೆ. ಸರಕಾರದ ಕೆಲಸ ಇಷ್ಟೇ, ಎಂದೆ. ಪೊಲೀಸು, ನ್ಯಾಯ, ಗಡಿ, ರಸ್ತೆ –

ರಸ್ತೆ ಎಂದ ಕೂಡಲೇ ಹೆಂಗಸರ ಸಾಲಿನಲ್ಲಿ ವನಜಾಕ್ಷಿ ಗೊಳ್ಳೆಂದು ನಕ್ಕಳು, ಅವಳ ಹಿಂದೆ ಇಡೀ ಮೈದಾನ; ಕ್ಯಾಸೆಟ್ ಅದನ್ನೂ ತುಂಬಿಸಿಕೊಳ್ಳುತ್ತಿತ್ತು.