ಪಟ್ಟಿಯ ಆಚೆಗಿನ ಭತ್ತ

೨೨ ನವೆಂಬರ್ ೧೯೮೩, ಮಂಗಳವಾರ

ನಮ್ಮ ಕಚೇರಿಯ ಗಲಗಲಿ ಸಾಹೇಬನನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಖಾನಾಪುರ ರಸ್ತೆಯ ಅಂಚಿಗೆ ಬಳಿದ ಬಿಳಿ ಪಟ್ಟಿಯಿಂದ ಅಪಘಾತ ತಪ್ಪುತ್ತದೆಯೇ ಎಂದು ನೋಡಿ ವರದಿ ಬರೆಯಲು ಇವತ್ತು ಇಬ್ಬರೂ ಜೀಪಿನಲ್ಲಿ ಹೋಗಿದ್ದೆವು. ಲಾರಿಗಳೆಲ್ಲ ಅಂಚು ಬಿಟ್ಟು ನಡುವೆ ಓಡುತ್ತಿದ್ದವು.

"ಪಟ್ಟಿ ಕೆಲಸ ಮಾಡೇತಿ. ಹಂಗ ಬರೀರಿ," ಎಂದ.

ಕುರುಡನೇ ಇವನು? ಪಟ್ಟಿಯ ಆಚೆ ಉದ್ದಕ್ಕೂ ಭತ್ತ ಒಣಹಾಕಿ, ಲಾರಿ ಹಾಯದಂತೆ ಕಲ್ಲು ಇಟ್ಟಿದ್ದರು. ಲಾರಿಗಳು ಅಂಚು ಬಿಟ್ಟದ್ದು ಆ ಕಲ್ಲಿಗೆ ಹೆದರಿ, ಪಟ್ಟಿಗಲ್ಲ. ಭತ್ತ ಕೆದಕುತ್ತಿದ್ದ ಮುದುಕಿ ಜೋಹರಾಬಿ ನನ್ನನ್ನೇ ಕೇಳಿದಳು: "ಪಟ್ಟಿ ಒಳಗ ಸರಕಾರದ್ದು, ಹೊರಗ ನಮ್ದು, ಅಲ್ಲೇನ್ರಿ?"

ಹಾಗಾದರೆ ಸಂಜೆ ಈ ಅಂಚಿನಲ್ಲೇ ಮನೆಗೆ ಹೋಗುವ ಮಚ್ಛೆಯ ಕಾರ್ಖಾನೆಯವರು ಸೈಕಲ್ ಎಲ್ಲಿ ಹೊಡೆಯಬೇಕು ಎಂದು ಸಾಹೇಬನನ್ನು ಕೇಳಿದೆ.

"ಅದು ನಮಗ್ಯಾಕ ಬಿಡ್ರಿ," ಎಂದ ಸಾಹೇಬ.

ಒಂದು ಸಂಜೆ ಅವನನ್ನೇ ಅಲ್ಲಿ ಸೈಕಲ್ ಹತ್ತಿಸಬೇಕು. ಬಾಜೂಕ ಕಲ್ಲು, ಎದುರಿಗೆ ಲಾರಿ. ಆಗ ಕೇಳಬೇಕು: ಈಗ ಹೇಳ್ರಿ ಸಾಹೇಬ್ರ, ಏನಂತ ಬರೀಲಿ?