ತೀರ್ಪುಗಾರರ ಸಾಲಿನಲ್ಲಿ ನನ್ನ ಗುರು

ಲುಬ್ಲಿನ್
ನವೆಂಬರ್ 14

ಪ್ರೀತಿಯ ಅಮ್ಮಾ,

ಎರಡು ವರ್ಷದಿಂದ ಭಾನುವಾರ ಚರ್ಚಿನ ಬಲಿಪೂಜೆಗೆಂದು ಹೊರಟು ನಾನು ಹೋಗುತ್ತಿದ್ದದ್ದು ಸಂಗೀತದ ಟೀಚರಮ್ಮ ಪಾನಿ ಬೋಗ್ನಾ ಅವರ ಮನೆಗೆ, ಪಿಯಾನೊ ಕಲಿಯಲು. ಶಾಲೆ ಬಿಟ್ಟ ದಿನ ನೀನು, "ಇನ್ಮೇಲೆ ಆ ಬೆರಳು ನಮ್ಮ ಬೇಕರಿ ಹಿಟ್ಟು ನಾದಲಿ, ಪಿಯಾನೊ ಅಂದ್ರೆ ನೋಡು" ಅಂದಿದ್ದೆ. ಹಿಟ್ಟನ್ನೂ ನಾದಿದೆ, ಪಿಯಾನೊವನ್ನೂ ಬಿಡಲಿಲ್ಲ.

ಇಲ್ಲಿ ಲುಬ್ಲಿನ್‌ನಲ್ಲಿ ನಡೆಯುತ್ತಿರುವ ಅಂತರರಾಷ್ಟ್ರೀಯ ಪಿಯಾನೊ ಸ್ಪರ್ಧೆಯಲ್ಲಿ ಅಂತಿಮ ಸುತ್ತಿಗೆ ಆರಿಸಿದ ಆರು ಹೆಸರುಗಳಲ್ಲಿ ನನ್ನದೂ ಇತ್ತು. ತುಂಬಿದ ಸಭೆ, ಪೂರ್ತಿ ವಾದ್ಯವೃಂದ, ನಡುವೆ ನಾನು. ಇಷ್ಟು ದಿನ ಆಸೆಪಟ್ಟಿದ್ದು ಅದಕ್ಕೇ.

ಆದರೆ ತೀರ್ಪುಗಾರರೊಬ್ಬರು ಕಾಯಿಲೆ ಬಿದ್ದು, ಅವರ ಜಾಗಕ್ಕೆ ಕೊನೆಗಳಿಗೆಯಲ್ಲಿ ಪಾನಿ ಬೋಗ್ನಾ ಬಂದಿದ್ದರು. ಗುರು ತನ್ನ ಶಿಷ್ಯನಿಗೆ ಅಂಕ ಕೊಡುವಂತಿಲ್ಲ. ಸಂಬಂಧ ಮುಚ್ಚಿಟ್ಟ ಶಿಷ್ಯ ಸ್ಪರ್ಧೆಯಿಂದಲೇ ಹೊರಗೆ. ಮೊದಲ ದಿನವೇ ಅವರು ಮೆಟ್ಟಿಲ ಬಳಿ ನನ್ನ ತೋಳು ಹಿಡಿದು, "ನೀನು ಯಾವ ಶಾಲೆ ಪಟ್ಟೀಲೂ ಇಲ್ಲ. ಭಾನುವಾರ ಚಹಾ ಕುಡಿಯೋಕೆ ಬರೋ ಹುಡುಗ, ಅಷ್ಟೇ. ಬಾಯಿ ಮುಚ್ಕೊಂಡು ನುಡಿಸು ಮರಿ" ಅಂದರು. ಎರಡು ಸುತ್ತು ಹಾಗೆಯೇ ನುಡಿಸಿದೆ.

ಫಲಿತಾಂಶ ಹೇಳಿದಾಗ ಏಳನೆಯವಳಾಗಿ ಉಳಿದವಳು ಜಾರ್ಜಿಯಾದ ಎಲೆನೆ. ಅವಳೇ ಬಂದು ನನ್ನ ಬೆನ್ನಿಗೆ ಗುದ್ದಿ, "ನಿನ್ನ ಎಡಗೈ ನನಗೆ ಕೊಟ್ಟುಬಿಡೋ" ಎಂದು ನಕ್ಕಳು. ಸತ್ಯ ಮುಚ್ಚಿಟ್ಟು ನಾನು ನಿಂತಿದ್ದದ್ದು ಅವಳ ಜಾಗದಲ್ಲಿ. ನೇರ ಕಚೇರಿಗೆ ಹೋಗಿ ಎಲ್ಲ ಹೇಳಿದೆ.

ಕಾರ್ಯದರ್ಶಿ ಮುದುಕ ಕನ್ನಡಕ ತೆಗೆದು, "ದೂರು ತರೋದು ಸೋತೋರು ಕಣಪ್ಪ. ಗೆದ್ದವನು ತಂದಿದ್ದು ಇದೇ ಮೊದಲು. ಹೋಗಿ ಬಿಸಿ ಸೂಪ್ ಕುಡಿದು ಮಲಕ್ಕೋ, ನಂಗೇನೂ ಕೇಳಿಸಿಲ್ಲ" ಅಂದ. ಇನ್ನೂ ಗಟ್ಟಿಯಾಗಿ ಹೇಳಿದೆ. ನನ್ನ ಹೆಸರು ಹೊಡೆದು ಹಾಕಿದರು. ಈಗ ಎಲೆನೆ ವಾದ್ಯವೃಂದದ ಜೊತೆ ಅಭ್ಯಾಸ ಮಾಡುತ್ತಿದ್ದಾಳೆ, ಗೋಡೆಯಾಚೆ ಕೇಳಿಸುತ್ತಿದೆ. ಹೊಟ್ಟೆ ಉರಿಯುತ್ತಿಲ್ಲ ಎಂದರೆ ಸುಳ್ಳಾಗುತ್ತದೆ.

ಕತೊವಿತ್ಸೆಯಲ್ಲಿ ಇನ್ನೊಂದು ಸ್ಪರ್ಧೆಯಿದೆ. ಸೇರಿದ್ದೇನೆ. ಗುರು ಯಾರೆಂದು ಕೇಳಿದ ಕಡೆ ಪಾನಿ ಬೋಗ್ನಾ ಹೆಸರನ್ನೇ ಹೇಳಿದೆ. ಬೇಕರಿಗೆ ಸದ್ಯ ಬೇರೆ ಯಾರನ್ನಾದರೂ ನೋಡಿಕೋ ಅಮ್ಮಾ.

ನಿನ್ನ ಮಗ,
ತಿಮೊನ್

ಮತ್ತೊಂದು ಮಾತು: ನಾನು ಕಚೇರಿಯಿಂದ ಹೊರಬರುವಾಗ ಕಾರ್ಯದರ್ಶಿ ತಡೆಯಲಾರದೆ ಹೇಳಿಬಿಟ್ಟ. ತೀರ್ಪುಗಾರರಲ್ಲಿ ನನಗೆ ಎಲ್ಲರಿಗಿಂತ ಕಡಿಮೆ ಅಂಕ ಕೊಟ್ಟವರು ಪಾನಿ ಬೋಗ್ನಾ ಅಂತೆ. ಸರಿಯಾಗಿಯೇ ಕೊಟ್ಟಿದ್ದಾರೆ. ಎರಡನೆಯ ಸುತ್ತಿನಲ್ಲಿ ನಾನು ಹೆದರಿ ಲಯ ಬಿಟ್ಟು ಅವಸರವಾಗಿ ನುಡಿಸಿದ್ದು ಅವರೊಬ್ಬರಿಗೇ ಗೊತ್ತಾಗಿತ್ತು. ನಾಳೆ ಬೆಳಿಗ್ಗೆಯ ರೈಲಿಗೆ ಕತೊವಿತ್ಸೆಗೆ ಹೊರಡುತ್ತೇನೆ.