ಅಂಜನಾಳ ಹಸಿರು ಕುಪ್ಪಸ

ಸಿರುಗುಪ್ಪ
20-2-2024

ಪ್ರೀತಿಯ ಅಂಜನಾ,

ಚೆನ್ನಾಗಿದ್ದೀಯಾ? ದೀಪಾವಳಿಯಿಂದ ನೀನು ಫೋನ್ ಎತ್ತುತ್ತಿಲ್ಲ, ನಾನೂ ಹಟ ಹಿಡಿದು ಮಾಡುವುದು ಬಿಟ್ಟೆ. ಬರೆಯಲು ತಡವಾಯಿತು, ಬೈದುಕೊಳ್ಳಬೇಡ. ಮದುವೆ ಕಾಲ ಬಂತಲ್ಲ, ನನ್ನ ಹೊಲಿಗೆ ಮಷಿನ್‌ಗೆ ಬಿಡುವೇ ಇಲ್ಲ. ಇವರಿಗೂ ಅಕ್ಕಿ ಗಿರಣಿಯಲ್ಲಿ ಕೈತುಂಬ ಕೆಲಸ.

ಹೋದ ವಾರ ನಿಮ್ಮಮ್ಮ ಬಂದಿದ್ದರು. ಹಸಿರು ರೇಷ್ಮೆ ಬಟ್ಟೆ, ಅಳತೆಗೆಂದು ಒಂದು ಹಳೇ ಕುಪ್ಪಸ ಕೊಟ್ಟು, "ಕುರುಗೋಡಿನ ನಮ್ಮಣ್ಣನ ಸೊಸಿ ಬಸುರದಾಳ, ಕುಬಸ ಮಾಡಿ ಉಡಿ ತುಂಬ್ತೀವಿ ಪಂಪಾ. ಸ್ವಲ್ಪ ಸಡ್ಲ ಇಡು" ಎಂದರು. ನನ್ನ ಮುಖ ನೋಡದೆ ಹೇಳಿದರು.

ಅಳತೆ ಕುಪ್ಪಸ ಬಿಚ್ಚಿದರೆ ಒಳಗೆ ನನ್ನದೇ ಹೊಲಿಗೆ! ನಿನ್ನ ಎಡಭುಜ ತುಸು ಇಳಿಜಾರೆಂದು ನಾನೇ ಹಾಕಿದ ಮಡಿಕೆ. ಅಂಥ ಭುಜ ಕುರುಗೋಡಿನಲ್ಲಿ ಇನ್ನೊಂದು ಎಲ್ಲಿಂದ ಬರಬೇಕು? ನಿಮ್ಮಮ್ಮನಿಗೆ ಸುಳ್ಳು ಹೇಳಲೂ ಬರುವುದಿಲ್ಲ, ಪಾಪ. "ಆತ್ರಿ ಯವ್ವಾ, ಮುಂದಿನ ವಾರ ಬರ್ರಿ" ಎಂದಷ್ಟೇ ಹೇಳಿದೆ. ಅವರು ಹೋದಮೇಲೆ ಬಾಗಿಲು ಹಾಕಿಕೊಂಡು ಅತ್ತೆ. ಮೊದಲು ಅತ್ತದ್ದು ಸಂತೋಷಕ್ಕೆ, ನಿಜ ಹೇಳುತ್ತೇನೆ. ಆಮೇಲಿನದು ಯಾಕೆಂದು ನಿನಗೆ ಗೊತ್ತು.

ನೀನು ಬಳ್ಳಾರಿಯ ಗಾಂಧಿನಗರದಿಂದ ಬರುತ್ತಿದ್ದೆ, ನಾನು ಇಲ್ಲಿಂದ ಬಸ್ಸಿನಲ್ಲಿ. ಮಕ್ಕಳಾಗಲೆಂದು ಆ ಆಸ್ಪತ್ರೆಯ ಬೆಂಚಿನ ಮೇಲೆ ಒಂದೇ ಡಬ್ಬಿಯ ಚಿತ್ರಾನ್ನ ತಿನ್ನುತ್ತ ಎಷ್ಟು ವರ್ಷ ಕಾದೆವು! "ಯಾರು ಮೊದ್ಲು ಬಸುರಾದ್ರೂ ಇನ್ನೊಬ್ಬಾಕೀನೇ ಮೊದ್ಲು ಉಡಿ ತುಂಬಬೇಕು ನೋಡಲೇ" ಎಂದವಳು ನೀನೇ. ಮಕ್ಕಳಿಲ್ಲದವಳ ಕೈ ತಾಗಬಾರದೆಂದು ಈಗ ಯಾರಾದರೂ ನಿನ್ನ ಕಿವಿಯಲ್ಲಿ ಊದಿರಬಹುದು. ಊದಲಿ. ನನಗೆ ಒಂದು ಮಾತು ಹೇಳಿದ್ದರೆ ನಾನೇ ದೂರ ನಿಲ್ಲುತ್ತಿದ್ದೆ. ಬಚ್ಚಿಟ್ಟೆಯಲ್ಲ, ಅದನ್ನು ತಡೆದುಕೊಳ್ಳಲು ಆಗುತ್ತಿಲ್ಲ.

ಕುಪ್ಪಸ ಚೆನ್ನಾಗಿ ಬಂದಿದೆ. ಒಳಗೆ ಬಟ್ಟೆ ಬಿಟ್ಟಿದ್ದೇನೆ, ತಿಂಗಳು ತುಂಬಿದಂತೆ ಹೊಲಿಗೆ ಬಿಚ್ಚಿಕೊಳ್ಳಬಹುದು. ನಾಳೆ ನಿಮ್ಮಮ್ಮ ಒಯ್ಯಲು ಬರುತ್ತಾರೆ, ಅದರ ಮಡಿಕೆಯಲ್ಲೇ ಈ ಕಾಗದ ಇಡುತ್ತೇನೆ. ಹೊತ್ತಿಗೆ ಸರಿಯಾಗಿ ಉಣ್ಣು, ಭಾರ ಎತ್ತಬೇಡ. ನೀನೂ ನಿನ್ನ ಕೂಸೂ ತಣ್ಣಗಿರಿ. ಕುಬಸಕ್ಕೆ ಬಾ ಎಂದರೆ ಬರುತ್ತೇನೆ.

ನಿನ್ನ
ಪಂಪಾವತಿ

ತಾ.ಕ.: ಹೊಲಿದ ಪ್ರತಿ ಕುಪ್ಪಸವನ್ನೂ ಕನ್ನಡಿ ಮುಂದೆ ನನ್ನ ಮೈಗೆ ಹಿಡಿದು ನೋಡುವುದು ನನ್ನ ರೂಢಿ, ನೀನು ನೋಡಿ ನಗುತ್ತಿದ್ದೆ. ಇದನ್ನು ಹಿಡಿಯಲಿಲ್ಲ. ಕೈಗೆತ್ತಿಕೊಂಡು ಕನ್ನಡಿಯವರೆಗೆ ಹೋದೆ, ಹಾಗೇ ಮಡಿಸಿ ಇಟ್ಟುಬಿಟ್ಟೆ. ನನ್ನನ್ನು ಕಂಡರೆ ನನಗೂ ಹೆದರಿಕೆ ಆಯಿತು, ಅಂಜನಾ.